ಬಾಲ್ ನನ್ನ ಕೈಗೆ ಬಂದ ಮಳೆಗಾಲ

ರಿಬೌಂಡ್ ಹಿಡಿ, ಗಾರ್ಡ್‌ಗೆ ಕೊಡು, ಓಡು. ಎಂಟನೇ ಕ್ಲಾಸಿನಲ್ಲಿ ಬಾಸ್ಕೆಟ್‌ಬಾಲ್ ಶುರು ಮಾಡಿದಂದಿನಿಂದ ನಾನು ಕೇಳಿಕೊಂಡು ಬಂದದ್ದು ಇಷ್ಟೇ. ರಿಬೌಂಡ್ ಅಂದರೆ ರಿಂಗಿಗೆ ಬೀಳದೆ ವಾಪಸ್ ಬಂದ ಬಾಲ್, ಗಾರ್ಡ್ ಅಂದರೆ ಬಾಲನ್ನು ಮುಂದೆ ತಂದು ಆಟ ನಡೆಸುವವಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ಇದ್ದೆ. ಉದ್ದ ಇದ್ದವರು ರಿಂಗ್ ಕೆಳಗೆ ನಿಲ್ಲಬೇಕು, ಡ್ರಿಬಲ್ ಮಾಡಬಾರದು, ಅಂದರೆ ಬಾಲನ್ನು ನೆಲಕ್ಕೆ ಪುಟಿಸುತ್ತಾ ಹೋಗಬಾರದು ಎಂಬುದು ಆಗ ನಮಗೆ ಕಲಿಸುತ್ತಿದ್ದವರ ಲೆಕ್ಕ. ಒಮ್ಮೆ ಮರೆತು ಮೂರು ಡ್ರಿಬಲ್ ಮಾಡಿದ್ದಕ್ಕೆ ಉಳಿದ ಅರ್ಧ ಮ್ಯಾಚ್ ಬೆಂಚಿನಲ್ಲಿ ಕೂತಿದ್ದೆ. ಅಂದಿನಿಂದ ಬಾಲ್ ಕೈಗೆ ಬಂದ ಕೂಡಲೇ ಕಣ್ಣು ಗಾರ್ಡನ್ನು ಹುಡುಕುತ್ತಿತ್ತು. ರಿಂಗ್ ಕಡೆ ನೋಡುತ್ತಲೇ ಇರಲಿಲ್ಲ.

ಆ ಕೆಲಸ ಸಣ್ಣದೇನಲ್ಲ. ಸ್ಕ್ರೀನ್ ಕೊಡುವುದು (ನಮ್ಮವಳಿಗೆ ದಾರಿಯಾಗಲು ಎದುರಿನವಳಿಗೆ ಅಡ್ಡ ನಿಲ್ಲುವುದು), ರಿಬೌಂಡಿಗೆ ಜಾಗ ಹಿಡಿಯುವುದು, ಬಾಲ್ ಇಲ್ಲದೆಯೂ ಓಡುತ್ತಾ ಇರುವುದು, ಇವಿಲ್ಲದೆ ಯಾವ ಟೀಮೂ ನಿಲ್ಲುವುದಿಲ್ಲ. ನನಗೆ ಅದು ಇಷ್ಟವೂ ಆಗಿತ್ತು. ಆದರೆ ಎಂಟು ವರ್ಷ ಆಡಿದ ಮೇಲೂ, ಖಾಲಿ ಕೋರ್ಟಿನಲ್ಲಿ ಎಡಗೈಯಿಂದ ಡ್ರಿಬಲ್ ಮಾಡುತ್ತಾ ಈ ತುದಿಯಿಂದ ಆ ತುದಿಗೆ ಹೋಗಲು ನನಗೆ ಬರುತ್ತಿರಲಿಲ್ಲ.

ನಾನು ಎಂ.ಕಾಂ. ಮೊದಲ ವರ್ಷದಲ್ಲಿದ್ದೆ. ಮಂಗಳೂರಿನ ನಮ್ಮ ಕಾಲೇಜಿನ ಕೋರ್ಟ್ ಬಯಲಿನದು, ಸಿಮೆಂಟಿನದು. ಮಳೆಗಾಲ ಬಂತೆಂದರೆ ಮೂಲೆಗಳಲ್ಲಿ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ಉಜ್ಜಿದರೂ ವಾರದೊಳಗೆ ಮತ್ತೆ ಹಸಿರು. ಜುಲೈಯ ಒಂದು ಶನಿವಾರ ಮಳೆ ಸ್ವಲ್ಪ ಬಿಟ್ಟಿತ್ತು, ನೀರು ತಳ್ಳಿ ಆಡಲು ಇಳಿದಿದ್ದೆವು. ನಮ್ಮ ಗಾರ್ಡ್, ನನ್ನ ಕ್ಲಾಸ್‌ಮೇಟ್, ಓಡುತ್ತಾ ಬಂದು ಒಮ್ಮೆಲೇ ತಿರುಗಿದಳು. ಜಾರಿದ್ದಲ್ಲ. ಯಾರೂ ತಾಗಿದ್ದೂ ಅಲ್ಲ. ಪಾದ ನೆಲದಲ್ಲೇ ಉಳಿಯಿತು, ಮೊಣಕಾಲು ಒಳಗಡೆ ವಾಲಿತು. ಎಂ.ಆರ್.ಐ. ಮಾಡಿಸಿದಾಗ ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿದಿದೆ ಅಂತ ಗೊತ್ತಾಯಿತು. ಆಪರೇಷನ್ ಆಗಬೇಕು, ಆಮೇಲೆ ಆಟಕ್ಕೆ ಬರಲು ಕಡಿಮೆ ಅಂದರೂ ಒಂಬತ್ತು ತಿಂಗಳು. ಇಂಟರ್ ಕಾಲೇಜು ಟೂರ್ನಿಗೆ ಇದ್ದದ್ದು ಏಳು ವಾರ.

ಬಿ.ಕಾಂ. ಮೊದಲ ವರ್ಷದ ಒಬ್ಬಳು ಇದ್ದಳು, ಸಣ್ಣ ಹುಡುಗಿ, ತುಂಬಾ ಚುರುಕು. ಅವಳನ್ನೇ ಗಾರ್ಡ್ ಮಾಡುತ್ತಾರೆ, ನಮ್ಮ ಕೆಲಸ ಮೊದಲಿನ ಹಾಗೇ ಇರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಕೋಚ್ ಸರ್ ಬೇರೆಯೇ ಹೇಳಿದರು. "ಅವಳೊಬ್ಬಳ ಕೆಲಸ ಇನ್ನೊಬ್ಬಳ ತಲೆ ಮೇಲೆ ಹಾಕುವುದಿಲ್ಲ. ಐದು ಜನರಿಗೂ ಹಂಚುತ್ತೇನೆ. ನಿನಗೆ ಎಲ್ಲರಿಗಿಂತ ಜಾಸ್ತಿ" ಅಂತ ನನ್ನನ್ನೇ ನೋಡಿದರು.

ಯಾಕೆ ಹಾಗೆ ಅಂತ ಕಾಲೇಜು ಹುಡುಗಿಯರ ಮ್ಯಾಚ್ ನೋಡಿದವರಿಗೆ ಗೊತ್ತಿರುತ್ತದೆ. ನಮ್ಮಲ್ಲಿ ಹೆಚ್ಚಿನ ಟೀಮುಗಳು ಫುಲ್ ಕೋರ್ಟ್ ಪ್ರೆಸ್ ಹಾಕುತ್ತವೆ, ಅಂದರೆ ಕೋರ್ಟಿನ ಉದ್ದಕ್ಕೂ ಬಾಲ್ ತರುವವರನ್ನು ಬೆನ್ನುಬಿಡದೆ ತಡೆಯುತ್ತವೆ. ಕೋರ್ಟ್ ಉದ್ದ 28 ಮೀಟರ್. ಅದರ ಅರ್ಧ, 14 ಮೀಟರನ್ನು 8 ಸೆಕೆಂಡಿನಲ್ಲಿ ದಾಟಬೇಕು. ಡ್ರಿಬಲ್ ಬರುವವಳು ಒಬ್ಬಳೇ ಅಂತ ಎದುರಿನವರಿಗೆ ಗೊತ್ತಾದರೆ ಮುಗಿಯಿತು. ಇಬ್ಬರು ಸೇರಿ ಅವಳನ್ನು ಸೈಡ್‌ಲೈನಿಗೆ ಒತ್ತುತ್ತಾರೆ. ನಡುಗೆರೆ ದಾಟಿದ ಕೂಡಲೇ ಅಲ್ಲಿ ಮೂಲೆಗೆ ಸಿಕ್ಕಿಸುತ್ತಾರೆ, ಹಿಂದೆ ಹೋಗುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಎರಡು ಗೆರೆಗಳೂ ಡಿಫೆಂಡರ್ ಇದ್ದ ಹಾಗೆ. ಆಗ ಅವಳು ಹೇಗೋ ನನ್ನ ಕಡೆ ಬಾಲ್ ಎಸೆಯುತ್ತಾಳೆ ಅಂತಿಟ್ಟುಕೊಳ್ಳಿ. ನಾನು ಹಿಡಿದು ನಿಂತು, ಮತ್ತೆ ಅವಳಿಗೇ ಕೊಡಲು ಹುಡುಕಿದರೆ? ಅವಳು ಕಷ್ಟಪಟ್ಟು ಇಬ್ಬರನ್ನು ತನ್ನ ಮೇಲೆ ಎಳೆದುಕೊಂಡದ್ದು ವ್ಯರ್ಥ. ಅಷ್ಟರಲ್ಲಿ ಐವರೂ ವಾಪಸ್ ತಮ್ಮ ತಮ್ಮ ಜಾಗಕ್ಕೆ ಬಂದಿರುತ್ತಾರೆ.

ಎಂಟು ವರ್ಷ ನಾನು ಮಾಡಿದ್ದು ಇದನ್ನೇ. ಗಾರ್ಡ್ ಸೋಲುತ್ತಿದ್ದದ್ದು ನನ್ನ ದೆಸೆಯಿಂದಲೂ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ.

ಮೊದಲ ವಾರ ಮಳೆ ಬಿಡಲೇ ಇಲ್ಲ. ಸರ್ ನಮ್ಮನ್ನೆಲ್ಲ ಒಂದು ಕ್ಲಾಸ್‌ರೂಮಿನಲ್ಲಿ ಕೂರಿಸಿದರು. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜೇಮ್ಸ್ ನೈಸ್ಮಿತ್ ಮಾಡಿದ ಆಟ ಎಂಬುದು ನಮಗೆ ಗೊತ್ತಿತ್ತು. ಆದರೆ ಅವರು ಬರೆದ 13 ನಿಯಮಗಳಲ್ಲಿ ಡ್ರಿಬಲ್ ಎಂಬುದೇ ಇರಲಿಲ್ಲ ಅಂತ ನಾನು ಕೇಳಿದ್ದು ಅವತ್ತೇ. ಬಾಲ್ ಹಿಡಿದವರು ಓಡುವ ಹಾಗಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು, ಅಷ್ಟೇ. ಎಸೆಯಲು ಯಾರೂ ಸಿಗದೆ ಸಿಕ್ಕಿಬಿದ್ದವರು ಬಾಲನ್ನು ತಮ್ಮ ಮುಂದೆಯೇ ಹಾಕಿ ತಾವೇ ಹೋಗಿ ಹಿಡಿಯಲು ಶುರು ಮಾಡಿದರಂತೆ. ಡ್ರಿಬಲ್ ಬಂದದ್ದು ಹಾಗೆ.

"ಡ್ರಿಬಲ್ ಅಂದ್ರೆ ನಿನಗೆ ನೀನೇ ಕೊಡುವ ಪಾಸ್" ಅಂದರು ಸರ್. "ನಿನಗೆ ಪಾಸ್ ಕೊಡ್ಲಿಕ್ಕೆ ಬರ್ತದಲ್ಲ? ಮತ್ತೆಂತ ಹೆದರಿಕೆ?"

ಈ ಮಾತು ನನ್ನೊಳಗೆ ಕೂತುಬಿಟ್ಟಿತು. ಅಲ್ಲಿಯವರೆಗೆ ಡ್ರಿಬಲ್ ಅಂದರೆ ನನಗೆ ನಿಂತಲ್ಲೇ ಬಾಲ್ ಕುಟ್ಟುವುದು, ಕಾಲ ಸಂದಿಯಿಂದ ದಾಟಿಸುವುದು, ಮೊಬೈಲಿನಲ್ಲಿ ನೋಡುವ ಕೈಚಳಕ. ಅದು ನನ್ನಿಂದ ಏಳು ವಾರದಲ್ಲಿ ಆಗುವ ಕೆಲಸ ಅಲ್ಲ. ಆದರೆ ನಾನು ಮುಂದೆ ಹೋಗಬೇಕಾದ ಜಾಗಕ್ಕೆ ನಾನೇ ಒಂದು ಪಾಸ್ ಹಾಕುವುದು? ಅದು ಆಗಬಹುದು ಅನಿಸಿತು.

ಮನೆ ಕಾವೂರಿನಲ್ಲಿ. ಸಂಜೆ ಬಸ್ಸಿಳಿದು ಮನೆಗೆ ಬಂದ ಮೇಲೆ ಕಾರ್ ಶೆಡ್ಡಿನಲ್ಲಿ ಅರ್ಧ ಗಂಟೆ ಅಭ್ಯಾಸ. ಕೆಳಗೆ ಇಂಟರ್‌ಲಾಕ್ ಹಾಸಿದ್ದರು. ಕಲ್ಲಿನ ಮಧ್ಯದ ಸಂದಿಗೆ ಬಿದ್ದರೆ ಬಾಲ್ ಎಲ್ಲಿಗೋ ಹಾರುತ್ತದೆ. ಮೊದಲ ಎರಡು ದಿನ ಬಾಲ್ ಹೋಗಿ ಬಾಳೆ ಬುಡದ ಕೆಸರಿನಲ್ಲಿ ಬೀಳುವುದು, ನಾನು ಮಳೆಯಲ್ಲಿ ಹೋಗಿ ತರುವುದು, ಇದೇ ಆಯಿತು. ಅಮ್ಮ ಕೆಸರಿನ ಹೆಜ್ಜೆ ನೋಡಿ ಬೈದರು. ಆಮೇಲೆ ಒಂದು ಹಳೆಯ ಗೋಣಿ ತಂದು ಬಾಗಿಲ ಹತ್ತಿರ ಹಾಕಿಟ್ಟರು.

ಮೂರನೇ ದಿನ ನಾನು ಕೈ ನೋಡಿಕೊಂಡೆ. ಅಂಗೈ ಪೂರ್ತಿ ಕಪ್ಪಾಗಿತ್ತು. ಅಂದರೆ ನಾನು ಅಂಗೈಯಿಂದ ಹೊಡೆಯುತ್ತಿದ್ದೆ, ಚಪ್ಪಾಳೆ ತಟ್ಟಿದ ಹಾಗೆ. ಅಂಗೈಯಿಂದ ಹೊಡೆದರೆ ಬಾಲ್ ಕೈಯಲ್ಲಿ ನಿಲ್ಲುವುದಿಲ್ಲ, ತಾಗಿದ ಕೂಡಲೇ ಹೊರಟು ಹೋಗುತ್ತದೆ. ಬೆರಳುಗಳನ್ನು ಅಗಲ ಮಾಡಿ, ಬೆರಳ ತುದಿಯ ಮೆತ್ತೆಯಲ್ಲಿ ಬಾಲನ್ನು ಬರಮಾಡಿಕೊಂಡು, ಆಮೇಲೆ ತಳ್ಳಬೇಕು. ಬಾಲ್ ಒಂದು ಕ್ಷಣ ಬೆರಳಿಗೆ ಅಂಟಿದ ಹಾಗಿರುತ್ತದೆ. ಆ ಒಂದು ಕ್ಷಣ ಸಿಕ್ಕಿದ ಮೇಲೆ ಕಣ್ಣು ಕೆಳಗಿಡುವ ಅಗತ್ಯ ತಾನಾಗಿ ಕಡಿಮೆಯಾಯಿತು. ಎರಡು ವಾರ ಕಳೆದು ಮತ್ತೆ ನೋಡಿದರೆ ಬೆರಳ ತುದಿಗಳು ಮಾತ್ರ ಕಪ್ಪು, ಅಂಗೈಯ ನಡು ಬೆಳ್ಳಗೆ. ಅಮ್ಮನಿಗೆ ಕೈ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು.

ಆ ಸಂದಿಗಳ ನೆಲ ಒಳ್ಳೆಯದೇ ಮಾಡಿತು. ಬಾಲ್ ಎಲ್ಲಿಗೆ ಬರುತ್ತದೆಂದು ಗೊತ್ತಿಲ್ಲದಾಗ ಕೈ ತಾನೇ ಹುಡುಕಿಕೊಂಡು ಹೋಗಲು ಕಲಿಯಿತು. ಮತ್ತೆ ಕೋರ್ಟಿಗೆ ಬಂದಾಗ ಸಿಮೆಂಟಿನ ಮೇಲೆ ಬಾಲ್ ಎಷ್ಟು ನೇರವಾಗಿ ಏಳುತ್ತದೆ ಅಂತ ಖುಷಿಯಾಯಿತು.

ಕೋರ್ಟಿನಲ್ಲಿ ಸರ್ ಕಲಿಸಿದ್ದು ತುಂಬಾ ಇಲ್ಲ. ಮುಖ್ಯವಾಗಿ ಒಂದೇ ಸನ್ನಿವೇಶ: ನಾನು ಕಾರ್ನರ್‌ನಲ್ಲಿದ್ದೇನೆ, ಬಾಲ್ ನನಗೆ ಬರುತ್ತದೆ, ನನ್ನ ಡಿಫೆಂಡರ್ ದೂರದಿಂದ ಓಡಿ ಬರುತ್ತಿದ್ದಾಳೆ. ಓಡಿ ಬರುವವಳಿಗೆ ಥಟ್ಟನೆ ನಿಲ್ಲಲು ಆಗುವುದಿಲ್ಲ, ಅದೇ ನನ್ನ ಬಂಡವಾಳ. ಅವಳ ಯಾವ ಕಾಲು ಮುಂದಿದೆ ಅಂತ ನೋಡಬೇಕು. ಮುಂದಿಟ್ಟ ಕಾಲಿನ ಪಕ್ಕದಿಂದಲೇ ಹೋಗಬೇಕು. ಯಾಕೆಂದರೆ ನನ್ನನ್ನು ತಡೆಯಲು ಅವಳು ಆ ಕಾಲನ್ನು ಹಿಂದೆ ತೆಗೆದು ಸೊಂಟ ತಿರುಗಿಸಬೇಕು. ಅಷ್ಟರಲ್ಲಿ ನನ್ನ ಭುಜ ಅವಳ ಸೊಂಟ ದಾಟಿರುತ್ತದೆ. ಅವಳು ಓಡಿ ಬಾರದೆ ದೂರವೇ ನಿಂತರೆ ಶಾಟ್ ಹಾಕಬೇಕು. ಎರಡೂ ಅಲ್ಲದಿದ್ದರೆ ಪಾಸ್. ತೀರ್ಮಾನ ಆಗಬೇಕಾದದ್ದು ಬಾಲ್ ಗಾಳಿಯಲ್ಲಿರುವಾಗಲೇ. ಕೈಗೆ ಬಂದ ಮೇಲೆ ಯೋಚಿಸಲು ಹೊರಟರೆ ತಡವಾಯಿತು.

ಹೇಳುವಾಗ ಸುಲಭ, ಅಲ್ವಾ? ನನಗೆ ಮೊದಲ ಹೆಜ್ಜೆಯಲ್ಲೇ ಸೀಟಿ ಬೀಳುತ್ತಿತ್ತು. ಟ್ರಾವೆಲಿಂಗ್, ಅಂದರೆ ಬಾಲ್ ಹಿಡಿದುಕೊಂಡೇ ಹೆಜ್ಜೆ ಹಾಕಿದ ತಪ್ಪು. ಮತ್ತೆ ಟ್ರಾವೆಲಿಂಗ್. ನಿಂತಲ್ಲಿಂದ ಹೊರಡುವಾಗ ಪಿವಟ್ ಕಾಲು, ಅಂದರೆ ನೆಲಕ್ಕೆ ಊರಿಕೊಂಡ ಕಾಲು, ಏಳುವ ಮೊದಲು ಬಾಲ್ ಕೈಬಿಟ್ಟಿರಬೇಕು ಎಂಬುದು ನಿಯಮ. ನನಗೆ ದಾಟುವ ಆತುರ, ಕಾಲು ಮೊದಲು ಹೊರಡುತ್ತಿತ್ತು, ಬಾಲ್ ಆಮೇಲೆ. ಅದಕ್ಕೂ ಮದ್ದಾದದ್ದು ಅದೇ ಪಾಸಿನ ಮಾತು. ಪಾಸ್ ಕೊಡುವಾಗ ಯಾರೂ ಮೊದಲು ಓಡಿ ಆಮೇಲೆ ಬಾಲ್ ಎಸೆಯುವುದಿಲ್ಲವಲ್ಲ. ಮೊದಲು ಬಾಲನ್ನು ಮುಂದಕ್ಕೆ, ನನ್ನ ಮುಂದಿನ ಪಾದದ ಹೊರಗಡೆಗೆ ಹಾಕು. ಆಮೇಲೆ ಅದರ ಹಿಂದೆ ಹೋಗು. ದಿನಕ್ಕೆ ಐವತ್ತು ಸಲ ಅದೊಂದನ್ನೇ ಮಾಡಿದೆ, ಎರಡೂ ಕಡೆಗೆ. ನಾಲ್ಕನೇ ವಾರದ ಹೊತ್ತಿಗೆ ಸೀಟಿ ನಿಂತಿತು. ಓಡುತ್ತಾ ಬಾಲ್ ಹಿಡಿದರೆ ಸ್ವಲ್ಪ ಅನುಕೂಲ ಉಂಟು. 2017ರಿಂದ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ ಓಡುತ್ತಾ ಹಿಡಿಯುವಾಗ ನೆಲದಲ್ಲಿರುವ ಕಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಸೊನ್ನೆ ಹೆಜ್ಜೆ. ಆದ್ದರಿಂದ ನಿಂತು ಕಾಯಬೇಡ, ಬಾಲ್ ಬರುವಾಗ ನೀನೂ ಎದುರು ಹೋಗು ಅಂತ ಸರ್ ಹೇಳುತ್ತಿದ್ದರು.

ನಮ್ಮ ಗಾರ್ಡ್ ಆಪರೇಷನ್ ಆಗಿ ಎರಡು ವಾರಕ್ಕೇ ಊರುಗೋಲು ಹಿಡಿದುಕೊಂಡು ಪ್ರಾಕ್ಟೀಸಿಗೆ ಬಂದಳು. ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು, ನೋಟ್‌ಬುಕ್‌ನಲ್ಲಿ ಏನೋ ಬರೆಯುತ್ತಿದ್ದಳು. ಸುಮ್ನೆ ಹೊತ್ತು ಕಳೆಯಲು ಅಂತ ನಾನು ಅಂದುಕೊಂಡೆ. ವಾರದ ಕೊನೆಗೆ ಪುಟ ತೆರೆದು ತೋರಿಸಿದಳು. ನಾನು ಬಾಲ್ ಹಿಡಿದ ಪ್ರತಿ ಸಲ ಎಷ್ಟು ಡ್ರಿಬಲ್ ಮಾಡಿದೆ, ಆಮೇಲೆ ಏನಾಯಿತು ಎಂಬ ಲೆಕ್ಕ ಅದು. ಆ ವಾರ ನಾನು 14 ಸಲ ಬಾಲ್ ಕಳೆದುಕೊಂಡಿದ್ದೆ. ಅದರಲ್ಲಿ 11 ಸಲ ಮೂರನೇ ಡ್ರಿಬಲ್ ಅಥವಾ ಅದರ ಮೇಲೆ.

"ಎರಡರೊಳಗೆ ನೀನು ಚೆಂದ ಮಾಡ್ತಿ ಮಾರಾಯ್ತಿ. ಮೂರನೆಯದಕ್ಕೆ ಹೋಗ್ಬೇಡ. ಎರಡರಲ್ಲಿ ಏನೂ ಆಗ್ಲಿಲ್ಲ ಅಂದ್ರೆ ಆ ದಾರಿ ಮುಚ್ಚಿದೆ ಅಂತ. ಬಾಲ್ ಬೇರೆಯವರಿಗೆ ಕೊಡು, ನೀನು ಕಟ್ ಮಾಡು, ಖಾಲಿ ಜಾಗಕ್ಕೆ ಓಡು."

ಅಷ್ಟು ದಿನ ಆಡಿದರೂ ನನ್ನ ಆಟವನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಅವತ್ತು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ತುಂಬಾ ಹೊತ್ತು ಮಾತಾಡಿದೆ. ಗಾರ್ಡ್ ಆಗಿ ಅವಳಿಗೆ ಏನು ಕಾಣುತ್ತದೆ ಅಂತ ಮೊದಲ ಸಲ ಕೇಳಿದ್ದೂ ಅವತ್ತೇ. ತಾನು ಬಾಲ್ ನೋಡುವುದೂ ಇಲ್ಲ, ತನ್ನ ಡಿಫೆಂಡರನ್ನೂ ನೋಡುವುದಿಲ್ಲ, ರಿಂಗಿನ ಹತ್ತಿರ ಇರುವ ಕೊನೆಯ ಡಿಫೆಂಡರನ್ನು ನೋಡುತ್ತೇನೆ ಅಂದಳು. ಆ ಡಿಫೆಂಡರ್ ಯಾವ ಕಡೆ ವಾಲುತ್ತಾಳೋ ಅದರ ಎದುರು ಕಡೆ ಯಾರೋ ಒಬ್ಬರು ಖಾಲಿ ಇರುತ್ತಾರೆ.

ಪ್ರೆಸ್ ಒಡೆಯಲು ನಮ್ಮದೊಂದು ಸರಳ ಉಪಾಯ. ಆ ಬಿ.ಕಾಂ. ಜೂನಿಯರ್ ಹುಡುಗಿ ಬಾಲ್ ತರುತ್ತಾಳೆ, ಇಬ್ಬರು ಮುತ್ತಿದ ಕೂಡಲೇ ನಾನು ಕೋರ್ಟಿನ ನಡುವಿಗೆ ಓಡಿ ಬರುತ್ತೇನೆ. ಬಾಲ್ ನನಗೆ. ಈಗ ಅವರ ಇಬ್ಬರು ಹಿಂದೆ ಉಳಿದರು, ಮುಂದೆ ನಾವು ನಾಲ್ವರು, ಅವರು ಮೂವರು. ಸರ್ ಇದನ್ನು ವಿವರಿಸಲು ಡ್ರೇಮಂಡ್ ಗ್ರೀನ್ ವಿಡಿಯೋ ತೋರಿಸಿದರು. ಅಮೆರಿಕದ ಎನ್‌ಬಿಎ ಲೀಗಿನ ಟೀಮುಗಳು ಹೊಸಬರನ್ನು ಆರಿಸುವ 2012ರ ಡ್ರಾಫ್ಟಿನಲ್ಲಿ 35ನೆಯವನಾಗಿ ಬಂದ ಆಟಗಾರ. ಅವನ ಟೀಮಿನ ಗಾರ್ಡ್ ಸ್ಟೆಫನ್ ಕರಿಯನ್ನು ಇಬ್ಬರು ಮುತ್ತಿದರೆ ಬಾಲ್ ಫ್ರೀ ಥ್ರೋ ಗೆರೆಯ ಹತ್ತಿರ ಇವನಿಗೆ ಬರುತ್ತದೆ. ಇವನು ಅಲ್ಲಿಂದ ನಾಲ್ವರ ಆಟವನ್ನು ಮೂವರ ಮೇಲೆ ನಡೆಸುತ್ತಾನೆ. 2015ರಲ್ಲಿ ಅವರ ಟೀಮ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಚಾಂಪಿಯನ್ ಆದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹೆಚ್ಚಿನ ಸಲ ಒಂದೇ ಡ್ರಿಬಲ್.

ನನಗೆ ಅದಕ್ಕಿಂತಲೂ ಮನಸ್ಸಿಗೆ ತಟ್ಟಿದ್ದು ಅಲಿಸಾ ಥಾಮಸ್. ಅಮೆರಿಕದ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯ ಆಟಗಾರ್ತಿ, ನನ್ನ ಹಾಗೆ ಫಾರ್ವರ್ಡ್. ಎರಡೂ ಭುಜದ ಕೀಲಿನೊಳಗೆ ಹರಿದ ಗಾಯ ಇಟ್ಟುಕೊಂಡೇ ವರ್ಷಗಟ್ಟಲೆ ಆಡಿದವಳು. ದೂರದಿಂದ ಶಾಟ್ ಹಾಕುವುದು ಅವಳ ಆಟ ಅಲ್ಲ. ರಿಬೌಂಡ್ ಹಿಡಿದರೆ ಗಾರ್ಡ್‌ಗೆ ಕಾಯುವುದಿಲ್ಲ, ತಾನೇ ತರುತ್ತಾಳೆ. 2023ರ ಒಂದೇ ಸೀಸನ್‌ನಲ್ಲಿ 6 ಟ್ರಿಪಲ್ ಡಬಲ್, ಅಂದರೆ ಒಂದೇ ಮ್ಯಾಚಿನಲ್ಲಿ ಪಾಯಿಂಟ್, ರಿಬೌಂಡ್, ಅಸಿಸ್ಟ್ (ಬಾಸ್ಕೆಟ್ ಆಗುವ ಪಾಸ್) ಹೀಗೆ ಮೂರರಲ್ಲೂ ಹತ್ತು ಅಥವಾ ಅದಕ್ಕಿಂತ ಹೆಚ್ಚು. ಅವಳು ರಿಬೌಂಡ್ ಹಿಡಿದು ತಿರುಗುವಾಗ ಮೊದಲು ಮಾಡುವುದು ತಲೆ ಎತ್ತುವುದು. ಅದನ್ನು ನೋಡುವಾಗ ನನಗೆ ಎಂಟನೇ ಕ್ಲಾಸಿನ ಆ ಬೆಂಚು ನೆನಪಾಯಿತು. ಉದ್ದ ಇರುವ ಹುಡುಗಿಗೆ ಜನರ ತಲೆಯ ಮೇಲಿಂದ ಕೋರ್ಟ್ ಪೂರ್ತಿ ಕಾಣುತ್ತದೆ. ಅವಳ ಕೈಯಿಂದಲೇ ಬಾಲ್ ಕಿತ್ತು ಕೂರಿಸುವುದು ಎಂಥ ನಷ್ಟ!

ಟೂರ್ನಿಯ ಮೊದಲ ಮ್ಯಾಚ್ ಕೆಟ್ಟದಾಗಿ ಹೋಯಿತು. ಪ್ರಾಕ್ಟೀಸಿನಲ್ಲಿ ನಮ್ಮವರೇ ಮುತ್ತುವುದು ಬೇರೆ, ಹೊರಗಿನವರು ಬಂದು ಕೈ ತಟ್ಟುವುದು ಬೇರೆ. ನಡುವಿನಲ್ಲಿ ಬಾಲ್ ಹಿಡಿದೆ, ತಲೆ ಎತ್ತಿದೆ, ಆದರೆ ನೋಡಿದ್ದು ಏನೂ ತಲೆಗೆ ಹೋಗಲಿಲ್ಲ. ಆರು ಸಲ ಬಾಲ್ ಕಳೆದೆ. ಒಮ್ಮೆ ಕಾರ್ನರ್‌ನಲ್ಲಿ ಯಾರೂ ಇಲ್ಲದ ಜಾಗಕ್ಕೆ ಪಾಸ್ ಹೊಡೆದೆ, ಬಾಲ್ ನೇರ ಗೋಡೆಗೆ. ಅಭ್ಯಾಸದ ಬಲಕ್ಕೆ ನಾನೇ ಬೆಂಚಿನ ಕಡೆ ನೋಡಿದೆ, ಈಗ ಕರೆಯುತ್ತಾರೆ ಅಂತ. ಸರ್ ಕರೆಯಲಿಲ್ಲ. ಕೈಯಲ್ಲಿ ಮುಂದೆ ಹೋಗು ಅಂತ ಸನ್ನೆ ಮಾಡಿದರು. ಅಷ್ಟೂ ಹೊತ್ತು ನನ್ನನ್ನು ಒಳಗೇ ಇಟ್ಟರು. ಮ್ಯಾಚ್ ಸೋತೆವು. ಆದರೆ ಆರು ತಪ್ಪಿನ ಮೇಲೂ ಏಳನೇ ಸಲ ಬಾಲ್ ನನಗೇ ಬಂತಲ್ಲ, ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಸಂಜೆ ನಾವು ಕೆಲವರು ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಗೋಳಿಬಜೆ, ಚಾ ತೆಗೆದುಕೊಂಡು ಕೂತೆವು. ಜೂನಿಯರ್ ಹುಡುಗಿ ಮೆಲ್ಲಗೆ ಕೇಳಿದಳು, "ಅಕ್ಕ, ನಾಳೆ ಟ್ರ್ಯಾಪ್ ಬಂದ್ರೆ, ಇಬ್ಬರು ಮುತ್ತಿದ್ರೆ, ನಿಮಗೇ ಕೊಡ್ಲಾ?" ಕೊಡು ಅಂದೆ.

ಎರಡನೇ ಮ್ಯಾಚಿನ ಮೂರನೇ ಕ್ವಾರ್ಟರ್. ನಾಲ್ಕು ಪಾಯಿಂಟ್ ಹಿಂದಿದ್ದೆವು. ಶಾಟ್ ಹಾಕಲು ಉಳಿದ ಸಮಯ ತೋರಿಸುವ ಶಾಟ್ ಕ್ಲಾಕ್ ಬೋರ್ಡ್ ಇರಲಿಲ್ಲ, ಟೇಬಲಿನಲ್ಲಿದ್ದವರು ಕೊನೆಯ ಹತ್ತು ಸೆಕೆಂಡನ್ನು ಕೂಗಿ ಹೇಳುತ್ತಿದ್ದರು. ನಡುಗೆರೆಯ ಆಚೆ ಜೂನಿಯರನ್ನು ಇಬ್ಬರು ಹಿಡಿದರು. ಅವಳು ಅವರ ಕೈಗಳ ಕೆಳಗಿನಿಂದ ಬೌನ್ಸ್ ಪಾಸ್ ತೂರಿಸಿದಳು. ನಾನು ಎದುರು ಓಡಿಬಂದು ಹಿಡಿದೆ. ಮೊದಲು ರಿಂಗ್ ನೋಡಿದೆ. ಬಾಲನ್ನು ನನ್ನ ಮುಂದೆ ಒಮ್ಮೆ ಹಾಕಿದೆ, ಅದರ ಹಿಂದೆ ಹೋದೆ. ಒಂದು ಕಾಲು ಪೇಂಟಿನ, ಅಂದರೆ ರಿಂಗ್ ಮುಂದೆ ಗೆರೆ ಹಾಕಿದ ಚೌಕದ, ಒಳಗೆ ಬಂತು. ಆಗ ನೋಡಿದೆ, ಕೊನೆಯ ಡಿಫೆಂಡರ್ ಎರಡು ಕೈ ಎತ್ತಿಕೊಂಡು ನನ್ನ ಮೇಲೆ ಬರುತ್ತಿದ್ದಾಳೆ. ಅಂದರೆ ಎಡಗಡೆಯ ಕಾರ್ನರ್ ಖಾಲಿ. ತಿರುಗಿ ನೋಡಲೇ ಇಲ್ಲ, ಅವಳ ವಾಲಿಕೆಯೇ ಹೇಳಿತ್ತು. ಬಾಲ್ ಹೋಯಿತು, ನಮ್ಮ ಹುಡುಗಿ ಅಲ್ಲಿ ಒಬ್ಬಳೇ ನಿಂತಿದ್ದಳು. ಶಾಟ್ ಹಾಕಿದಳು. ಬಾಲ್ ರಿಂಗಿಗೆ ಬಡಿದು ಹೊರಗೆ ಬಂತು. ಆದರೆ ಕೊನೆಯ ಡಿಫೆಂಡರ್ ನನ್ನ ಹತ್ತಿರ ಇದ್ದ ಕಾರಣ ರಿಂಗ್ ಕೆಳಗೆ ಅವರ ಟೀಮಿನವರು ಯಾರೂ ಇರಲಿಲ್ಲ. ನಮ್ಮ ಸೆಂಟರ್ ಹಿಡಿದು ಸುಲಭವಾಗಿ ಹಾಕಿದಳು.

ಸ್ಕೋರ್ ಶೀಟಿನಲ್ಲಿ ಆ ಬಾಸ್ಕೆಟಿನ ಎದುರು ನನ್ನ ಹೆಸರು ಎಲ್ಲೂ ಇಲ್ಲ. ಹೊರಗೆ ಕುರ್ಚಿಯಲ್ಲಿದ್ದ ನಮ್ಮ ಗಾರ್ಡ್ ಮಾತ್ರ ಊರುಗೋಲನ್ನು ಎತ್ತಿ ಹಿಡಿದು ಕೂಗುತ್ತಿದ್ದಳು. ಆ ಮ್ಯಾಚ್ ಗೆದ್ದೆವು. ಅದರ ಮುಂದಿನದು ಸೋತು ಹೊರಗೆ ಬಂದೆವು. ಎದುರಿನವರು ನಮಗಿಂತ ಚೆನ್ನಾಗಿ ಆಡಿದರು.

ನಮ್ಮ ಗಾರ್ಡ್ ಮತ್ತೆ ಕೋರ್ಟಿಗೆ ಇಳಿದದ್ದು ಮುಂದಿನ ವರ್ಷ ಮೇ ತಿಂಗಳಲ್ಲಿ. ಸಂಜೆ ಐದೂವರೆಗೂ ಸಿಮೆಂಟ್ ಕಾದೇ ಇತ್ತು. ಮೊಣಕಾಲಿಗೆ ಬ್ರೇಸ್ ಕಟ್ಟಿದ್ದಳು. ನಾನು ರಿಬೌಂಡ್ ಹಿಡಿದು ಅವಳಿಗೆ ಕೊಡಲು ಕೈ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನೀನೇ ತಾ. ನಾನು ಕಾರ್ನರ್‌ಗೆ ಹೋಗ್ತೇನೆ."

ತಲೆ ಎತ್ತಿ ಹೊರಟೆ. ನಡುಗೆರೆ ದಾಟಿ, ಪೇಂಟಿಗೆ ಒಂದು ಕಾಲು ಇಟ್ಟು, ಅವಳಿಗೆ ಪಾಸ್ ಕೊಟ್ಟೆ. ಸ್ವಲ್ಪ ಕೆಳಗೆ ಹೋಯಿತು, ಅವಳು ಬಗ್ಗಿ ಹಿಡಿಯಬೇಕಾಯಿತು. ಶಾಟ್ ಹಾಕದೆ ಬಾಲ್ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ಎದೆಯ ಎತ್ತರಕ್ಕೆ ಕೈ ಇಟ್ಟು ತೋರಿಸಿ, "ಇಲ್ಲಿಗೆ ಬೇಕು. ಇನ್ನೊಮ್ಮೆ" ಅಂದಳು.